ನೂರು ಸಿಸಿಯ ದೂರ

ಹೊಸ ಗಾಡಿ ತಂದು ಮನೆ ಮುಂದೆ ನಿಲ್ಲಿಸಿ, ಗಾಲಿಯ ಕೆಳಗೆ ನಿಂಬೆಹಣ್ಣು ಇಟ್ಟು, ಕಾಯಿ ಒಡೆದು, ಊದಿನಕಡ್ಡಿಯನ್ನು ಹ್ಯಾಂಡಲಿಗೆ ಸಿಗಿಸುವಷ್ಟರಲ್ಲಿ ನಮ್ಮ ಹಾವೇರಿ ಸೀಮೆಯಲ್ಲಿ ಒಂದು ಪ್ರಶ್ನೆ ಬಂದೇ ಬರುತ್ತದೆ: “ಎವರೇಜ್ ಎಷ್ಟ ಕೊಡ್ತೈತ್ರಿ?” ಎಷ್ಟು ಜೋರು ಓಡುತ್ತದೆ ಎಂದು ಕೇಳುವವರು ಕಾಲೇಜು ಹುಡುಗರು, ಅವರಿಗೆ ಉತ್ತರ ಹೇಳದಿದ್ದರೂ ನಡೆಯುತ್ತದೆ. ಎವರೇಜ್ ಕೇಳುವವರು ಸಂಸಾರಸ್ಥರು. ಲೀಟರಿಗೆ 60 ಎಂದು ನೀವು ಹೇಳಿದ ಕೂಡಲೇ ಅವರು ಮನಸ್ಸಿನಲ್ಲೇ ಸವದತ್ತಿ ಎಲ್ಲಮ್ಮನ ಗುಡ್ಡಕ್ಕೆ ಹೋಗಿ ಬಂದಿರುತ್ತಾರೆ, ಹಿರೇಕೆರೂರಿನ ಬೀಗರ ಮನೆಗೆ ಹೋಗಿ ಬಂದಿರುತ್ತಾರೆ, ಮಿಕ್ಕ ಪೆಟ್ರೋಲಿನಲ್ಲಿ ಮೈಲಾರದ ಕಾರಣಿಕ ಕೇಳಿ ಬರಲು ಆದೀತೇ ಎಂದು ಲೆಕ್ಕ ಹಾಕುತ್ತಿರುತ್ತಾರೆ. ಗಾಡಿ ಇನ್ನೂ ನಿಂಬೆಹಣ್ಣನ್ನೇ ತುಳಿದಿರುವುದಿಲ್ಲ.

ಈಗ ದೂರ ಪ್ರಯಾಣಕ್ಕೆ ಒಂದು ವೇಷವೇ ಬಂದುಬಿಟ್ಟಿದೆ. ಮೊಣಕಾಲಿಗೆ ಕವಚ, ಮೊಣಕೈಗೆ ಕವಚ, ಗಾಡಿಯ ಎರಡೂ ಬದಿಗೆ ಅಲ್ಯೂಮಿನಿಯಂ ಪೆಟ್ಟಿಗೆ, ಹೆಲ್ಮೆಟ್ಟಿನ ನೆತ್ತಿಗೊಂದು ಕ್ಯಾಮೆರಾ. ಇಂಥವರ ದಂಡು ಶನಿವಾರ ಬೆಳಗಾದರೆ ಪಿ.ಬಿ. ರೋಡಿನಲ್ಲಿ ಗುಡುಗುತ್ತ ಗೋವಾದ ಕಡೆಗೆ ಹೋಗುತ್ತದೆ. ಶಿಗ್ಗಾವಿಯ ಚಹಾದಂಗಡಿಯವರು ತಲೆ ಎತ್ತಿಯೂ ನೋಡುವುದಿಲ್ಲ. ಅದೇ ರಸ್ತೆಯಲ್ಲಿ, ಅದೇ ಗೋವಾಕ್ಕೆ, ತಲೆಗೆ ಟವೆಲ್ ಸುತ್ತಿಕೊಂಡು, ಕರಣಿ ಮತ್ತು ಎರಡು ಜೊತೆ ಬಟ್ಟೆ ತುಂಬಿದ ಚೀಲವನ್ನು ಹಿಂದಿನ ಸೀಟಿಗೆ ಬಿಗಿದುಕೊಂಡು ಗೌಂಡಿ ಕೆಲಸಕ್ಕೆ ಹೊರಟವನೂ ಹೋಗುತ್ತಾನೆ. ಅವನದು ಸ್ಪ್ಲೆಂಡರ್, ಅದರ ಕಂತು ಇನ್ನೂ ತೀರಿಲ್ಲ. ಘಟ್ಟ ಇಳಿಯುತ್ತಾನೆ, ಮಳೆ ಬಂದರೆ ಮರದ ಕೆಳಗೆ ನಿಲ್ಲುತ್ತಾನೆ, ರಾತ್ರಿಯೊಳಗೆ ಮುಟ್ಟುತ್ತಾನೆ. ತಾನು ಮಾಡಿದ್ದು ಪ್ರವಾಸ ಎಂದು ಅವನಿಗೆ ಯಾರೂ ಹೇಳಿಲ್ಲ.

ನನ್ನ ತಕರಾರು ಇಷ್ಟೇ. ಸಣ್ಣ ಗಾಡಿಯ ಮೇಲೆ ದೂರ ಹೋಗುವ ಸುಖದ ಬಗ್ಗೆ ಯಾರಾದರೂ ಬರೆಯಬೇಕಿದ್ದರೆ ಮೊದಲು ಇಂಥವರನ್ನು ಕೇಳಬೇಕು. ಹಾನಗಲ್ಲು, ಶಿಗ್ಗಾವಿ, ಸವಣೂರು, ಹಿರೇಕೆರೂರು ಈ ನಾಲ್ಕು ತಾಲ್ಲೂಕುಗಳ ಒಳರಸ್ತೆಗಳಲ್ಲಿ ಇಂಥವರು ದಿನಾ ಸಿಗುತ್ತಾರೆ. ಟಿವಿಎಸ್ ಎಕ್ಸೆಲ್ ಮೇಲೆ ಪ್ಲಾಸ್ಟಿಕ್ ಕೊಡ ಪೇರಿಸಿಕೊಂಡು ಬರುವವನನ್ನು ಹಿಂದಿನಿಂದ ನೋಡಿದರೆ ಗಾಡಿಯೂ ಕಾಣದು, ಮನುಷ್ಯನೂ ಕಾಣ. ಕೆಂಪು, ಹಸಿರು, ನೀಲಿ ಕೊಡಗಳು ತಾವೇ ಸಂತೆಗೆ ಹೊರಟಿರುತ್ತವೆ. ಕಸಬರಿಗೆ ಮಾರುವವನು ಬಂದರೆ ರಸ್ತೆಯಲ್ಲಿ ಮುಕ್ಕಾಲು ಪಾಲು ಅವನದು. ಹೆಂಗಸರ ಉದುರುಗೂದಲಿಗೆ ಪಿನ್ನು, ಡಬ್ಬಿ ಕೊಡುವವನಿಗೆ ಒಂದು ಸ್ಪೀಕರ್ ಇದೆ. ಅದರಲ್ಲಿ ಕೂಗುವ ದನಿಯೂ ಅವನದೇ, ಆದರೆ ಬಾಯಿ ತುಂಬ ಎಲೆಅಡಿಕೆ ಇಟ್ಟುಕೊಂಡು ಅವನು ಸುಮ್ಮನೆ ಕೂತಿರುತ್ತಾನೆ. ಎಷ್ಟು ದೂರ ತಿರುಗುತ್ತೀರಿ ಎಂದು ಒಬ್ಬನನ್ನು ಕೇಳಿದೆ. “ಭಾಳ ಏನಿಲ್ರಿ ಸಾಹೇಬ್ರ, ಇಲ್ಲೇ” ಎಂದ. ಆಮೇಲೆ ಮಾತಿಗೆ ಮಾತು ಬಂದಾಗ ಗೊತ್ತಾಯಿತು, ಬೆಳಿಗ್ಗೆ ಲಕ್ಷ್ಮೇಶ್ವರ ಬಿಟ್ಟವನು ಸಂಜೆ ತಿಳವಳ್ಳಿಯಲ್ಲಿ ನಿಂತಿದ್ದ. ನಡುವೆ ಒಂದು ಜಿಲ್ಲೆಯ ಗಡಿ ಮತ್ತು ಮೂರು ತಾಲ್ಲೂಕು ಇದ್ದವು.

ಈ ಗಾಡಿಗಳ ವಂಶಾವಳಿ ತೀರ ಹಳೆಯದೇನಲ್ಲ. ಪುಣೆಯ ಲೂನಾ ಬಂದದ್ದು 1972ರಲ್ಲಿ, ಹೊಸೂರಿನ ಟಿವಿಎಸ್ 50 ಬಂದದ್ದು 1980ರಲ್ಲಿ. ಲೂನಾಕ್ಕೆ ಪೆಡಲ್ ಇತ್ತು. ಏರು ಬಂದರೆ ಸವಾರನೂ ತನ್ನ ಪಾಲಿನ ಕೆಲಸ ಮಾಡಬೇಕಿತ್ತು. 1985ರಲ್ಲಿ ಹೀರೋ ಹೊಂಡಾ ಸಿಡಿ 100, 1994ರಲ್ಲಿ ಸ್ಪ್ಲೆಂಡರ್. ಅದಕ್ಕೂ ಮೊದಲು ನಮ್ಮ ಕಡೆ ಫಟಫಟಿ ಎಂದರೆ ಗೌಡರ ಮನೆಯ ಬುಲೆಟ್ಟು, ಇಲ್ಲವೇ ಮೈಸೂರಿನಲ್ಲಿ ತಯಾರಾದ ಜಾವಾ, ಯೆಜ್ಡಿ. ಆ ಕಾರ್ಖಾನೆ 1961ರಲ್ಲಿ ಶುರುವಾಗಿ 1996ರಲ್ಲಿ ಬಾಗಿಲು ಹಾಕಿತು. ಯೆಜ್ಡಿಯ ಕಿಕ್ಕೂ ಗೇರೂ ಒಂದೇ ಕೋಲಿನಲ್ಲಿ. ಮೊದಲು ಹಿಂದಕ್ಕೆ ಮಡಚಿ ಒದೆಯಬೇಕು, ಆಮೇಲೆ ಮುಂದಕ್ಕೆ ತಿರುವಿ ಗೇರು ಹಾಕಬೇಕು. ಈ ವಿದ್ಯೆ ಬಾರದವನು ಅದನ್ನು ಕದ್ದರೂ ದೂರ ಹೋಗುತ್ತಿರಲಿಲ್ಲ. ಸಾಲ ವಸೂಲಿಯವರು ಅದರ ಮೇಲೆ ಬರುವುದು ಹರದಾರಿ ಆಚೆಯಿಂದಲೇ ಕೇಳುತ್ತಿತ್ತು, ಬಾಕಿದಾರರು ಹಿತ್ತಲ ಬಾಗಿಲಿನಿಂದ ಹೊಲಕ್ಕೆ ಹೋಗಲು ವೇಳೆ ಸಿಗುತ್ತಿತ್ತು.

ಸ್ಪ್ಲೆಂಡರಿನ ಇಂಜಿನ್ನಿಗೆ ಸಪ್ಪಳವೂ ಕಡಿಮೆ, ಹೊಟ್ಟೆಯೂ ಸಣ್ಣದು. 97.2 ಸಿಸಿ ಎಂದರೆ ಹೆಚ್ಚುಕಡಿಮೆ ಒಂದು ಗ್ಲಾಸ್ ಚಹಾ ಹಿಡಿಸುವಷ್ಟು ಜಾಗ. ಅಷ್ಟರೊಳಗೆ ಕಿಡಿ ಹೊತ್ತಿ, ಆ ಕಿಡಿಯ ಬಲದಿಂದ ಗಂಡ, ಹೆಂಡತಿ, ಟಾಕಿಯ ಮೇಲೊಂದು ಕೂಸು, ನಡುವೆ ಇನ್ನೊಂದು, ಹ್ಯಾಂಡಲಿಗೆ ತೂಗುಬಿಟ್ಟ ರೊಟ್ಟಿಗಂಟು ಇಷ್ಟೂ ಮುಂದಕ್ಕೆ ಹೋಗುತ್ತವೆ. ಸಿಲಿಂಡರನ್ನು ಮುಂದಕ್ಕೆ ಅಡ್ಡ ಮಲಗಿಸಿದ ಈ ಇಂಜಿನ್ನಿನ ಮೂಲಪುರುಷ ಜಪಾನಿನ ಹೊಂಡಾ ಸೂಪರ್ ಕಬ್. 1958ರಲ್ಲಿ ಹುಟ್ಟಿದ ಆ ಪುಟ್ಟ ಗಾಡಿ 2017ರ ಹೊತ್ತಿಗೆ 10 ಕೋಟಿ ದಾಟಿತು. ಜಗತ್ತಿನಲ್ಲಿ ಇಷ್ಟು ಸಂಖ್ಯೆಯಲ್ಲಿ ತಯಾರಾದ ಮೋಟಾರು ವಾಹನ ಇನ್ನೊಂದಿಲ್ಲ. ಭೂಮಿಯನ್ನು ಹೆಚ್ಚು ತಿರುಗಿರುವುದು ದೊಡ್ಡ ಗಾಡಿಗಳೋ ಸಣ್ಣ ಗಾಡಿಗಳೋ ಎಂಬ ವಾದಕ್ಕೆ ಯಾರಾದರೂ ಬಂದರೆ ನಾನು ಈ ಒಂದು ಅಂಕಿಯನ್ನು ಹೇಳಿ ಚಹಾ ಕುಡಿಯಲು ಹೋಗುತ್ತೇನೆ.

ದೊಡ್ಡ ಗಾಡಿಯ ಕಥೆ ಬೇಕಾದರೆ ಅರ್ಜೆಂಟೀನಾದ ಚೆ ಗೆವಾರನದಿದೆ. 1952ರಲ್ಲಿ ಗೆಳೆಯ ಗ್ರಾನಾಡೋ ಜೊತೆ 500 ಸಿಸಿಯ ನಾರ್ಟನ್ ಹತ್ತಿ ದಕ್ಷಿಣ ಅಮೆರಿಕ ನೋಡಲು ಹೊರಟ. ಗಾಡಿ ಬಿದ್ದು, ಎದ್ದು, ತಂತಿಯಲ್ಲಿ ಬಿಗಿಸಿಕೊಂಡು, ಕಡೆಗೆ ಚಿಲಿಯಲ್ಲಿ ಪ್ರಾಣ ಬಿಟ್ಟಿತು. ಉಳಿದ ಖಂಡವನ್ನು ಅವರು ಲಾರಿ ಕೈಮಾಡಿ, ದೋಣಿ ಹತ್ತಿ, ನಡೆದು ಮುಗಿಸಿದರು. ಮೋಟರ್ ಸೈಕಲ್ ಡೈರಿ ಎಂದು ಲೋಕಪ್ರಸಿದ್ಧವಾದ ಆ ಯಾತ್ರೆಯಲ್ಲಿ ಮೋಟರ್ ಸೈಕಲ್ ಅರ್ಧ ದಾರಿಯೂ ಬರಲಿಲ್ಲ. ಅವರ ಹತ್ತಿರ ಎಕ್ಸೆಲ್ ಇದ್ದಿದ್ದರೆ ಏನಾಗುತ್ತಿತ್ತೋ ಎಂಬ ಯೋಚನೆ ನನಗೆ ಆಗಾಗ ಬರುತ್ತದೆ. ಊರು ಮುಟ್ಟುತ್ತಿದ್ದರು, ಕ್ರಾಂತಿ ಮಾತ್ರ ಸ್ವಲ್ಪ ತಡವಾಗುತ್ತಿತ್ತು.

ನಮ್ಮವರ ಕಥೆ ಬೇಕೆಂದರೆ ಮೈಸೂರಿನ ಡಿ. ಕೃಷ್ಣಕುಮಾರ್ ಇದ್ದಾರೆ. ತಾಯಿ ಚೂಡಾರತ್ನಮ್ಮ ಜೀವಮಾನವಿಡೀ ಕೂಡುಕುಟುಂಬದ ಅಡುಗೆಮನೆಯಲ್ಲೇ ಕಳೆದವರು. ಹಂಪಿ ನೋಡಿದ್ದೀಯಾ ಎಂದು ಮಗ ಕೇಳಿದರೆ, ಪಕ್ಕದ ಗುಡಿಯನ್ನೇ ನೋಡಿಲ್ಲ ಎಂಬರ್ಥದ ಉತ್ತರ ಬಂತಂತೆ. ಮಗ ಕೆಲಸ ಬಿಟ್ಟರು, ತಂದೆ ಕೊಡಿಸಿದ್ದ ಹಳೆಯ ಬಜಾಜ್ ಚೇತಕ್ ತೆಗೆದರು, 2018ರ ಜನವರಿಯಲ್ಲಿ ಎಪ್ಪತ್ತರ ಹತ್ತಿರದ ತಾಯಿಯನ್ನು ಹಿಂದೆ ಕೂರಿಸಿಕೊಂಡು ಹೊರಟರು. ಇಡೀ ದೇಶವಷ್ಟೇ ಅಲ್ಲ, ನೇಪಾಳ, ಭೂತಾನ್, ಮ್ಯಾನ್ಮಾರ್ ಕೂಡ ಸುತ್ತಿದರು. ಉದ್ಯಮಿಯೊಬ್ಬರು ಮೆಚ್ಚಿ ಕಾರು ಕೊಟ್ಟದ್ದು ಎಲ್ಲ ಪತ್ರಿಕೆಗಳಲ್ಲಿ ಬಂದಿತ್ತು. ಆ ಸುದ್ದಿ ಓದಿ ನಮ್ಮ ಓಣಿಯ ಅಜ್ಜಿಯರು ತಂತಮ್ಮ ಮಕ್ಕಳ ಕಡೆ ಒಂದು ಥರಾ ನೋಡಿದರು. ಮಕ್ಕಳು ಗಾಡಿಯ ಟಾಕಿ ಒರೆಸುವ ನೆಪ ಮಾಡಿ ಹೊರಗೆ ಹೋದರು.

ಚೇತಕ್ 150 ಸಿಸಿ. ಅದರ ಮೇಲೆ ಮ್ಯಾನ್ಮಾರ್ ಆಗುವುದಾದರೆ ಎಕ್ಸೆಲ್ ಮೇಲೆ ಹಾನಗಲ್ಲು ಯಾಕಾಗಬಾರದು? ಸವಣೂರಿನಿಂದ ಶಿಗ್ಗಾವಿ, ಬಂಕಾಪುರ, ಹಾನಗಲ್ಲು, ತಿಳವಳ್ಳಿ, ಚಿಕ್ಕೇರೂರು ಹಿಡಿದು ಹಿರೇಕೆರೂರು. ಕಾರಿನವರು ಒಂದು ಮುಂಜಾನೆಯಲ್ಲಿ ಮುಗಿಸಿ, ನೋಡುವಂಥದ್ದೇನಿಲ್ಲ ಎಂದು ಹೇಳುವ ದಾರಿ ಇದು. ಗಂಟೆಗೆ 40ರಲ್ಲಿ ಹೋಗುವವನಿಗೆ ಇದೇ ದೇಶಾಂತರ.

ಸವಣೂರಿನ ಸುತ್ತ ಎರೆಹೊಲ, ಹತ್ತಿ, ದೂರದವರೆಗೆ ಮರವಿಲ್ಲದ ಬಯಲು. ನವಾಬರ ಊರು, ವಿ.ಕೃ. ಗೋಕಾಕರು 1909ರಲ್ಲಿ ಹುಟ್ಟಿದ ಊರು. ಖಾರ ಮತ್ತು ವೀಳ್ಯದೆಲೆಗೆ ಹೆಸರಾದ ಊರು. ಎಲೆಯ ಪೆಂಡಿಗಳನ್ನು ಒದ್ದೆ ಗೋಣಿಯಲ್ಲಿ ಸುತ್ತಿ ಗಾಡಿಗೆ ಕಟ್ಟಿಕೊಂಡು ಹೋಗುವವರ ಹಿಂದೆ ಹೋದರೆ ದಾರಿಯುದ್ದಕ್ಕೂ ತಂಪು ವಾಸನೆ. ಇಲ್ಲಿಯ ದೊಡ್ಡಹುಣಸೆ ಮಠದ ಆವರಣದಲ್ಲಿ ಮೂರು ದೊಡ್ಡಹುಣಸೆ ಮರಗಳಿವೆ. ಹೆಸರು ಹುಣಸೆ, ಕುಲ ಆಫ್ರಿಕಾದ ಬಾವೊಬಾಬ್. ಕೃಷ್ಣನೇ ತಂದು ನೆಟ್ಟ ಎಂಬ ಕಥೆಯನ್ನು ಊರವರು ಹೇಳುತ್ತಾರೆ. 2023ರ ಜುಲೈ ಮಳೆಯಲ್ಲಿ ಒಂದು ಮರ ಬುಡಮೇಲಾಗಿ ಬಿತ್ತು. ಅದನ್ನು ಎತ್ತಿ ಮತ್ತೆ ನೆಟ್ಟರು. ಆಫ್ರಿಕಾದಿಂದ ಸವಣೂರಿನವರೆಗೆ ಬಂದದ್ದು ಇಲ್ಲಿಂದ ಅಲುಗಲಾರೆ ಎಂದು ಹಟ ಹಿಡಿದರೆ ಆಶ್ಚರ್ಯವೇನು!

ಶಿಗ್ಗಾವಿ ತಾಲ್ಲೂಕಿನಲ್ಲಿ ಕನಕದಾಸರು ಹುಟ್ಟಿದ ಬಾಡ ಇದೆ, ಶರೀಫಜ್ಜನ ಶಿಶುನಾಳ ಇದೆ. ಇಬ್ಬರೂ ಕಾಲ್ನಡಿಗೆಯವರು. ಕಣ್ಣಿಗೆ ಬಿದ್ದ ಗಿರಣಿಯನ್ನೂ ಬಿಡದೆ ತತ್ವಪದ ಮಾಡಿದ ಶರೀಫರು (1819-1889) ಇನ್ನೊಂದು ನೂರು ವರ್ಷ ಇದ್ದಿದ್ದರೆ ಎಕ್ಸೆಲ್ ಮೇಲೂ ಒಂದು ಪದ ಆಗುತ್ತಿತ್ತು. ಪ್ಲಗ್ಗು, ಪಿಸ್ಟನ್ನು, ರಿಸರ್ವಿಗೆ ಬಿದ್ದ ಪೆಟ್ರೋಲು ಇವೆಲ್ಲ ದೇಹಕ್ಕೂ ಆಯುಷ್ಯಕ್ಕೂ ಹೇಗೆ ಹೊಂದುತ್ತವೆ ನೋಡಿ. ಅವರಿಗೆ ಕಷ್ಟವೇ ಇರಲಿಲ್ಲ. ಗೊಟಗೋಡಿಯ ಉತ್ಸವ ರಾಕ್ ಗಾರ್ಡನ್ನಿನಲ್ಲಿ ಹಳ್ಳಿಯ ಬದುಕನ್ನೆಲ್ಲ ಸಿಮೆಂಟಿನಲ್ಲಿ ಕಡೆದು ನಿಲ್ಲಿಸಿದ್ದಾರೆ, ಪಕ್ಕದಲ್ಲೇ ಜಾನಪದ ವಿಶ್ವವಿದ್ಯಾಲಯವೂ ಇದೆ. ಮುಂದೊಂದು ದಿನ ಎತ್ತಿನ ಗಾಡಿಯ ಪಕ್ಕ ಕೊಡ ಹೇರಿದ ಎಕ್ಸೆಲ್ಲನ್ನೂ ಅವರು ನಿಲ್ಲಿಸಬೇಕಾದೀತು.

ಶಿಗ್ಗಾವಿಯಿಂದ ಬಂಕಾಪುರದವರೆಗಿನ ಹೆದ್ದಾರಿ ನನಗೆ ಸೇರದು. ಲಾರಿ ಪಕ್ಕದಲ್ಲಿ ಹಾದರೆ ಅದರ ಗಾಳಿಗೆ ಗಾಡಿ ಒಂದು ಮೊಳ ಆಚೆ ಸರಿಯುತ್ತದೆ. ಎದುರಿಗೆ, ತಪ್ಪು ದಿಕ್ಕಿನಲ್ಲಿ, ಹುಲ್ಲಿನ ಟ್ರ್ಯಾಕ್ಟರ್ ಬರುತ್ತಿರುತ್ತದೆ. ಅದನ್ನು ಓಡಿಸುವವನ ಮುಖದಲ್ಲಿರುವ ನೆಮ್ಮದಿ ಯಾವ ಮಠದಲ್ಲೂ ಸಿಗದು. ಆದ್ದರಿಂದ ಈ ತುಂಡನ್ನು ಬೇಗ ಮುಗಿಸಿ ಬಂಕಾಪುರದಲ್ಲಿ ಪಡುವಣಕ್ಕೆ ಹೊರಳಬೇಕು. ಹೊರಳುವ ಮೊದಲು ಕೋಟೆಯ ಹತ್ತಿರ ಇಂಜಿನ್ ಬಂದ್ ಮಾಡಿದರೆ ನವಿಲುಗಳು ಕೇಳುತ್ತವೆ. ಒಳಗೆ ನವಿಲುಧಾಮ, ಖಿಲಾರಿ ದನಗಳ ತಳಿಕೇಂದ್ರ, ಅರವತ್ತು ಕಂಬದ ಗುಡಿ.

ಅಲ್ಲಿಂದ ಹಾನಗಲ್ಲಿನ ಕಡೆಗೆ ಹೋದಂತೆ ಕುತ್ತಿಗೆಗೆ ಬಡಿಯುವ ಗಾಳಿ ಬದಲಾಗುತ್ತದೆ. ಎರೆ ಮುಗಿದು ಕೆಮ್ಮಣ್ಣು, ಬತ್ತದ ಗದ್ದೆ, ಮಾವಿನ ತೋಪು, ಅಲ್ಲಲ್ಲಿ ಅಡಿಕೆ. ಚಹಾದಂಗಡಿಯ ಒಲೆಯ ಮೇಲೆ ರೊಟ್ಟಿಯ ಸದ್ದು ಕಡಿಮೆಯಾಗಿ ಅನ್ನದ ಆವಿ ಏಳುತ್ತದೆ. ಕಾರಿನ ಗಾಜಿನೊಳಗೆ ಕೂತವನಿಗೆ ಬೆಳವಲ ಎಲ್ಲಿ ಮುಗಿಯಿತು, ಮಲೆನಾಡಿನ ಸೆರಗು ಎಲ್ಲಿ ಶುರುವಾಯಿತು ಎಂಬುದು ತಿಳಿಯದು. ಸಣ್ಣ ಗಾಡಿಯವನ ಮೊಣಕಾಲಿಗೆ ಮೊದಲು ತಿಳಿಯುತ್ತದೆ, ಅಲ್ಲಿ ಚಳಿ ಕೂರುತ್ತದೆ.

ಹಾನಗಲ್ಲಿನಲ್ಲಿ ಕದಂಬರ ಕಾಲದ ತಾರಕೇಶ್ವರ ಗುಡಿಯ ಛತ್ತಿನಲ್ಲಿ ಅರಳಿದ ಕಮಲವನ್ನು ಎಲ್ಲರೂ ಕುತ್ತಿಗೆ ನೋಯುವವರೆಗೆ ನೋಡುತ್ತಾರೆ, ನಾನೂ ನೋಡುತ್ತೇನೆ. ಆದರೆ ಈ ಊರಿನ ವಿಷಯದಲ್ಲಿ ನನಗೆ ಇಷ್ಟವಾದದ್ದು ಬೇರೆ. ಇದೇ ವಿರಾಟನಗರ ಎಂಬುದು ಹಾನಗಲ್ಲಿನವರ ಅಚಲ ನಂಬಿಕೆ. ಪಾಂಡವರು ಒಂದು ವರ್ಷ ಯಾರಿಗೂ ಗುರುತು ಸಿಗದೆ ಇದ್ದ ಊರು. ಈ ಕಾಲದಲ್ಲಿ ಅಜ್ಞಾತವಾಸ ಮಾಡಬೇಕಾದರೆ ಕಪ್ಪು ಬಣ್ಣದ ಸ್ಪ್ಲೆಂಡರಿಗಿಂತ ತಕ್ಕ ವಾಹನ ಇಲ್ಲ. ತಹಸೀಲ್ದಾರ್ ಕಚೇರಿಯ ಮುಂದೆ ನಿಲ್ಲಿಸಿ ಒಳಗೆ ಹೋಗಿ ಬಂದರೆ ನಿಮ್ಮ ಗಾಡಿ ಯಾವುದೆಂದು ನಿಮಗೇ ಗುರುತು ಸಿಗದು. ಕೀಲಿ ಹಾಕಿ ಹಾಕಿ ನೋಡಬೇಕು. ಭೀಮಸೇನ ಅಡುಗೆ ಪಾತ್ರೆಗಳನ್ನು ಎಕ್ಸೆಲ್ಲಿಗೆ ಹೇರಿಕೊಂಡು ಮದುವೆಮನೆಗೆ ಹೋಗುತ್ತಿದ್ದರೆ ದುರ್ಯೋಧನನ ಬೇಹಿನವರು ದಾರಿ ಬಿಟ್ಟು ಪಕ್ಕಕ್ಕೆ ನಿಲ್ಲುತ್ತಿದ್ದರು.

ದೊಡ್ಡ ಗಾಡಿ ಬೇಕಾಗಿದ್ದವನು ಉತ್ತರಕುಮಾರ. ಒಲೆ ಮುಂದೆ ಕೂತು ಹೆಂಗಸರೆದುರು ಕೌರವರನ್ನೆಲ್ಲ ಸದೆಬಡಿದವನು, ರಣರಂಗ ಕಂಡ ಕೂಡಲೇ ರಥದಿಂದ ಧುಮುಕಿ ಓಡಿದ. ಗದುಗಿನ ನಾರಣಪ್ಪ ಆ ಪ್ರಸಂಗವನ್ನು ಎಷ್ಟು ಹಿಗ್ಗಿನಿಂದ ಬರೆದಿದ್ದಾನೆಂದರೆ ಅವನ ಓಣಿಯಲ್ಲೂ ಅಂಥವನೊಬ್ಬ ಇದ್ದಿರಬೇಕು. ನಮ್ಮ ಓಣಿಯಲ್ಲಿ ಇದ್ದಾನೆ. ಲಡಾಖಿಗೆ ಹೋಗುವುದಕ್ಕೆಂದೇ ಭಾರಿ ಗಾಡಿ ಕೊಂಡು, ಅದರ ಮೇಲೆ ನಕಾಶೆಯ ಸ್ಟಿಕರ್ ಅಂಟಿಸಿ, ಈಗ ದಿನಾ ಸಂಜೆ ಅದನ್ನು ಹತ್ತಿ ಹಾಲಿನ ಪಾಕೀಟು ತರುತ್ತಾನೆ. ದೋಷ ಅವನದಲ್ಲ. ಇನ್ನೂರು ಕಿಲೋ ತೂಗುವ ಯಂತ್ರ ಮಾಲೀಕನಿಗೆ ಸದಾ ಚಿಂತೆ ಕೊಡುತ್ತದೆ: ಎಲ್ಲಿ ನಿಲ್ಲಿಸಲಿ, ಯಾರು ಮುಟ್ಟುತ್ತಾರೆ, ಕೆಟ್ಟರೆ ಹುಬ್ಬಳ್ಳಿಯವರೆಗೆ ಒಯ್ಯುವುದು ಹೇಗೆ. ಸ್ಪ್ಲೆಂಡರ್ ಇದರ ಅರ್ಧದಷ್ಟು. ಕೆಸರಿನಲ್ಲಿ ಹುಗಿದರೆ ಇಬ್ಬರು ಎತ್ತಿ ಆಚೆ ಇಡಬಹುದು. ಕ್ಲಚ್ ಕೇಬಲ್ ಹರಿದರೆ ಮುಂದಿನ ಹಳ್ಳಿಯ ಬೇವಿನ ಮರದ ಕೆಳಗೆ ಮಿಸ್ತ್ರಿ ಇರುತ್ತಾನೆ, ಅವನ ಡಬ್ಬಿಯಲ್ಲಿ ಕೇಬಲ್ ಇರುತ್ತದೆ. ಗಾಡಿಯ ಬಗ್ಗೆ ಚಿಂತೆ ಇಲ್ಲದಿದ್ದರೆ ಮಾತ್ರ ದಾರಿಯ ಮೇಲೆ ಲಕ್ಷ್ಯ ಉಳಿಯುತ್ತದೆ ಎಂಬುದು ನನ್ನ ಅಭಿಪ್ರಾಯ.

ಇನ್ನೊಂದಿದೆ. ದೊಡ್ಡ ಗಾಡಿಗೆ ಯಾರೂ ಕೈ ಮಾಡುವುದಿಲ್ಲ. ಸಣ್ಣ ಗಾಡಿ ಕಂಡರೆ ಮಾಡುತ್ತಾರೆ. ಹಾನಗಲ್ಲು ದಾಟಿ ತಿಳವಳ್ಳಿಯ ದಾರಿಯಲ್ಲಿ ಒಬ್ಬ ಅಜ್ಜ ರಸ್ತೆಗೆ ಇಳಿದು ನಿಂತು, ಛತ್ರಿಯನ್ನೇ ಅಡ್ಡ ಹಿಡಿದ. “ತಮ್ಮಾ, ತಿಳವಳ್ಳಿತನಕ ಬಿಡಪಾ.” ಒಪ್ಪಿಗೆಗೆ ಕಾಯಲಿಲ್ಲ, ಧೋತರದ ಚುಂಗನ್ನು ಮೇಲೆತ್ತಿ ಹತ್ತಿ ಕೂತ. ಹತ್ತಿದ ಮೇಲೆ ಕಿವಿಯ ಹತ್ತಿರವೇ ಮಾತು: ಈ ಹೊಲ ಯಾರದು, ಆ ತೋಟ ಎಷ್ಟಕ್ಕೆ ಹೋಯಿತು, ಈ ಬಾಂದಿನ ಸಲುವಾಗಿ ಅಣ್ಣತಮ್ಮಂದಿರು ಎಷ್ಟು ವರ್ಷದಿಂದ ಕೋರ್ಟು ತಿರುಗುತ್ತಿದ್ದಾರೆ. “ನಿಧಾನ ಹೊಡೀತಿ, ಚಲೋ. ನನ್ನ ಮೊಮ್ಮಗ ಹೊಡೆದ್ರ ಮಾತಾಡಾಕ ಬರಂಗಿಲ್ಲ, ಬಾಯಾಗ ಗಾಳಿ ತುಂಬತೈತಿ.” ಇಳಿದವನು ಬಿಡಲಿಲ್ಲ, ಚಹಾ ಕುಡಿಸಿಯೇ ಕಳಿಸಿದ. ಎವರೇಜ್ ಎಷ್ಟೆಂದು ಅವನೂ ಕೇಳಿದ.

ಶ್ರಾವಣದಲ್ಲಿ ಈ ದಾರಿಗೆ ಬರಬೇಕು. ನಾಗರ ಪಂಚಮಿಗೆ ತಂಗಿಯರನ್ನು ಕರೆತರಲು ಹೊರಟ ಅಣ್ಣಂದಿರ ಗಾಡಿಗಳೇ ಗಾಡಿಗಳು. ಹೋಗುವಾಗ ಒಬ್ಬನೇ, ಸೀಟಿ ಹಾಕುತ್ತ ಹೋಗುತ್ತಾನೆ. ಬರುವಾಗ ತಂಗಿ, ಅವಳ ಎರಡು ಮಕ್ಕಳು, ಬಟ್ಟೆಯ ಗಂಟು, ಬೀಗರು ಕೊಟ್ಟ ಸೌತೆಕಾಯಿ. ಜಿಟಿಜಿಟಿ ಮಳೆ ಹಿಡಿದರೆ ನಾಲ್ಕು ಜನಕ್ಕೆ ಒಂದೇ ಪ್ಲಾಸ್ಟಿಕ್ ಹಾಳೆ. ಇಷ್ಟು ಮಂದಿ ಒಂದೇ ಗಾಡಿಯ ಮೇಲೆ ಕೂರುವುದು ಕಾನೂನಿಗೆ ವಿರುದ್ಧ, ನಾನು ಬೆಂಬಲಿಸಲಾರೆ. ಆದರೆ ಆ ತಂಗಿಯ ಮುಖ ನೋಡಿದ ಯಾವ ಪೊಲೀಸನೂ ಅಂದು ಸೀಟಿ ಊದಿದ್ದನ್ನು ನಾನು ಕಂಡಿಲ್ಲ.

ಚಿಕ್ಕೇರೂರು ಬರುವ ಹೊತ್ತಿಗೆ ಕುಂಡಿ ತನ್ನ ಅಸ್ತಿತ್ವವನ್ನು ಸಾರುತ್ತಿರುತ್ತದೆ. ಸಣ್ಣ ಗಾಡಿಯ ಸೀಟಿನ ಬಗ್ಗೆ ಯಾರೂ ಒಳ್ಳೆಯ ಮಾತು ಹೇಳಿದ್ದನ್ನು ನಾನು ಕೇಳಿಲ್ಲ, ನಾನೂ ಹೇಳುವುದಿಲ್ಲ. ಇಳಿದು, ಎರಡು ಹೆಜ್ಜೆ ಸೊಟ್ಟಗೆ ನಡೆದು, ಮಿರ್ಚಿ ಮಂಡಕ್ಕಿ ತಿಂದು ಮುಂದೆ ಹೋಗಬೇಕು.

ಹಿರೇಕೆರೂರು ಸೀಮೆ ಸರ್ವಜ್ಞನದು. ಅಬಲೂರೋ ಮಾಸೂರೋ ಎಂಬ ವಾದ ಇನ್ನೂ ಬಗೆಹರಿದಿಲ್ಲ. ಯಾವ ಊರಿನ ಚಹಾದಂಗಡಿಯಲ್ಲಿ ಕೂತಿದ್ದೀರೋ ಆ ಊರಿನ ಪಕ್ಷ ಹಿಡಿಯುವುದು ಕ್ಷೇಮ. ಮಾಸೂರಿನ ಹತ್ತಿರ ಕುಮುದ್ವತಿಗೆ ಒಡ್ಡು ಹಾಕಿ ಕಟ್ಟಿದ ವಿಜಯನಗರ ಕಾಲದ ಮದಗದ ಕೆರೆ ಇದೆ. ಮಳೆ ಬಂದು ಕೆರೆ ತುಂಬುವ ಆ ಪ್ರಸಿದ್ಧ ಜನಪದ ಹಾಡು ತಮ್ಮ ಕೆರೆಯದೇ ಎಂದು ಇಲ್ಲಿಯವರೂ ಹೇ‌ಳುತ್ತಾರೆ, ಕಡೂರಿನ ಕಡೆಯವರೂ ಹೇಳುತ್ತಾರೆ. ಎರಡೂ ಕೆರೆಗಳನ್ನು ಒಂದೇ ಎಕ್ಸೆಲ್ಲಿನಲ್ಲಿ ನೋಡಿ ಬಂದು ತೀರ್ಪು ಹೇಳುವ ಆಸೆ ನನಗಿದೆ. ಮನೆಯವರು ಇನ್ನೂ ಒಪ್ಪಿಲ್ಲ.

ಹೋಗುವವರಿಗೆ ಒಂದೆರಡು ಮಾತು. ದೀವಳಿಗೆ ಆಸುಪಾಸಿನಿಂದ ಈ ತಾಲ್ಲೂಕುಗಳ ಡಾಂಬರು ರಸ್ತೆಯ ಮೇಲೆ ಗೋವಿನಜೋಳ ಹರವಿ ಒಣಗಿಸುತ್ತಾರೆ. ಕಾಳಿನ ಮೇಲೆ ಸಣ್ಣ ಗಾಲಿ ಸಾಬೂನು ಮೆಟ್ಟಿದಂತೆ ಜಾರುತ್ತದೆ, ಅದರ ಮೇಲೆ ಬ್ರೇಕ್ ಹಾಕಬೇಡಿ. ರಾಶಿಯ ಅಂಚಿಗೆ ಕಲ್ಲು ಇಟ್ಟಿರುತ್ತಾರೆ, ಕತ್ತಲಾದ ಮೇಲೆ ಅದು ಕಾಣುವುದಿಲ್ಲ. ಆದ್ದರಿಂದ ಹೊತ್ತು ಮುಳುಗುವುದರೊಳಗೆ ಊರು ಸೇರಿಕೊಳ್ಳಿ. ಹೆಲ್ಮೆಟ್ ತಲೆಯ ಮೇಲಿರಲಿ, ಮೊಣಕೈಯಲ್ಲಿ ಬೇಡ. ಅಜ್ಜ ಯಾರಾದರೂ ಕೈ ಮಾಡಿದರೆ ನಿಲ್ಲಿಸಿ.